ಇಜೆಕ್ಷನ್ ಸೀಟಿನ ಪಾಠವನ್ನು ನಾನು ಸ್ಪಿಟ್‌ಫೈರ್‌ನಿಂದ ಏಕೆ ಆರಂಭಿಸುತ್ತೇನೆ

ವಾಯುಪಡೆಯಲ್ಲಿ, ಅಪಾಯದ ಹೊತ್ತಿನಲ್ಲಿ ಪೈಲಟ್‌ನನ್ನು ವಿಮಾನದಿಂದ ಹೊರಕ್ಕೆ ಚಿಮ್ಮಿಸುವ ಇಜೆಕ್ಷನ್ ಸೀಟುಗಳ ನಿರ್ವಹಣೆಯಲ್ಲಿದ್ದ ನಾನು ಈಗ ಹೊಸ ತಂತ್ರಜ್ಞರಿಗೆ ಅದೇ ಕೆಲಸವನ್ನು ಕಲಿಸುತ್ತಿದ್ದೇನೆ. ಇಂಥ ಸೀಟುಗಳು ಬರುವ ಮೊದಲು ಪೈಲಟ್ ಉರಿಯುವ ವಿಮಾನದಿಂದ ಹೇಗೆ ಹೊರಬರುತ್ತಿದ್ದ ಎಂಬುದನ್ನು ತಿಳಿಯದೆ ಈ ಕೆಲಸ ಅರ್ಥವಾಗುವುದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಏಕೆಂದರೆ ಅಂದು ಅವನು ಕೈಯಾರೆ ಮಾಡಬೇಕಾಗಿದ್ದ ಒಂದೊಂದು ಕೆಲಸವನ್ನೂ ಇಂದು ಸೀಟಿನ ಒಂದೊಂದು ಭಾಗ ವಹಿಸಿಕೊಂಡಿದೆ.

ಎರಡನೇ ಮಹಾಯುದ್ಧದ ವೇಳೆ, 1940ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಗುಂಡೇಟು ತಿಂದ ಸ್ಪಿಟ್‌ಫೈರ್ ಎಂಬ ಬ್ರಿಟಿಷ್ ಯುದ್ಧವಿಮಾನದ ಪೈಲಟ್ ಮೊದಲು ಕ್ಯಾನೊಪಿಯನ್ನು, ಅಂದರೆ ತಲೆಯ ಮೇಲಿನ ಪಾರದರ್ಶಕ ಮುಚ್ಚಳವನ್ನು, ಹಿಂದಕ್ಕೆ ಸರಿಸಬೇಕಿತ್ತು. ವೇಗ ಹೆಚ್ಚಿದ್ದರೆ ಅದು ಸುಲಭವಾಗಿ ಜಗ್ಗುತ್ತಿರಲಿಲ್ಲ. ಆದ್ದರಿಂದ, ಒಳಗೆ ಮೇಲ್ಭಾಗದಲ್ಲಿದ್ದ ರಬ್ಬರ್ ಚೆಂಡನ್ನು ಎಳೆದು, ಕೆಳ ಅಂಚನ್ನು ಮೊಣಕೈಗಳಿಂದ ಹೊರಕ್ಕೆ ನೂಕಿದರೆ ಕ್ಯಾನೊಪಿ ಕಳಚಿಹೋಗುವ ವ್ಯವಸ್ಥೆಯನ್ನು ಅಳವಡಿಸಿದರು. ಅದೂ ಕೈಕೊಟ್ಟರೆ ಬೇಕಾದೀತೆಂದು ಪಕ್ಕದ ಬಾಗಿಲಿಗೆ ಸಣ್ಣದೊಂದು ಹಾರೆಯನ್ನು ಸಿಕ್ಕಿಸಿಟ್ಟರು. ಅನಂತರ ಅವನು ಆಮ್ಲಜನಕದ ಕೊಳವೆಯನ್ನೂ ರೇಡಿಯೊ ತಂತಿಯನ್ನೂ ಬಿಡಿಸಿಕೊಂಡು, ಸೀಟಿನ ಪಟ್ಟಿಗಳನ್ನು ಹಿಡಿದಿದ್ದ ಪಿನ್ ಕಿತ್ತು, ಒಂದೋ ಪಕ್ಕದಿಂದ ಧುಮುಕಬೇಕಿತ್ತು, ಇಲ್ಲವೇ ವಿಮಾನವನ್ನು ಮಗುಚಿ, ಅದನ್ನು ನಿಯಂತ್ರಿಸುವ ಸ್ಟಿಕ್ಕನ್ನು ಮುಂದಕ್ಕೆ ತಳ್ಳಿ ಹೊರಕ್ಕೆ ಚಿಮ್ಮಬೇಕಿತ್ತು.

ಅದೇ ಕಾಲದ ಇನ್ನೊಂದು ಬ್ರಿಟಿಷ್ ಯುದ್ಧವಿಮಾನ ಹರಿಕೇನ್‌ನಲ್ಲಿ ಉಪಕರಣ ಫಲಕದ ಆಚೆಗೇ ಒಂದು ಪೆಟ್ರೋಲ್ ಟ್ಯಾಂಕ್ ಇತ್ತು. ಅದು ಹೊತ್ತಿಕೊಂಡರೆ ಜ್ವಾಲೆ ಪೈಲಟ್‌ನ ಮುಖಕ್ಕೂ ಕೈಗಳಿಗೂ ನುಗ್ಗುತ್ತಿತ್ತು. ಇಂಗ್ಲೆಂಡಿನ ಈಸ್ಟ್ ಗ್ರಿನ್‌ಸ್ಟೆಡ್ ಆಸ್ಪತ್ರೆಯಲ್ಲಿ ಆರ್ಚಿಬಾಲ್ಡ್ ಮೆಕಿಂಡೋ ಅವರು ಪ್ಲಾಸ್ಟಿಕ್ ಸರ್ಜರಿ ಮಾಡಿದ ಎಷ್ಟೋ ಯುವಕರು ಮುಖದೊಂದಿಗೆ ಬೆರಳುಗಳನ್ನೂ ಸುಟ್ಟುಕೊಂಡವರು. ಪಿನ್ ಕೀಳಬೇಕಾದ ಬೆರಳುಗಳೇ ಮೊದಲು ಸುಡುತ್ತಿದ್ದವು ಎಂಬುದನ್ನು ತರಗತಿಯಲ್ಲಿ ಹೇಳುವಾಗ ಇಂದಿಗೂ ನನಗೆ ಸಂಕಟವಾಗುತ್ತದೆ.

ಕಾಕ್‌ಪಿಟ್ ದಾಟಿದ ಮೇಲೂ ವಿಮಾನದ ಬಾಲ ಕಾದಿರುತ್ತಿತ್ತು. ಜರ್ಮನಿಯ ಹೆಸರಾಂತ ಪೈಲಟ್ ಹಾನ್ಸ್ ಯೋವಾಕಿಮ್ ಮಾರ್ಸೆಯ್ 1942ರ ಸೆಪ್ಟೆಂಬರ್ 30ರಂದು ಈಜಿಪ್ಟಿನ ಮೇಲೆ ಹಾರುತ್ತಿದ್ದಾಗ, ಶತ್ರುವಿನ ಗುಂಡಿನಿಂದಲ್ಲ, ಎಂಜಿನ್ ಕೆಟ್ಟದ್ದರಿಂದ ಕಾಕ್‌ಪಿಟ್‌ನಲ್ಲಿ ಹೊಗೆ ತುಂಬಿತು. ಅವನು ವಿಮಾನವನ್ನು ಮಗುಚಿ ಹೊರಬಂದನಾದರೂ, ಅಷ್ಟರಲ್ಲಿ ಅದು ಕಡಿದಾಗಿ ಕೆಳಗಿಳಿಯುತ್ತಿತ್ತು. ಬಾಲದ ಲಂಬ ರೆಕ್ಕೆ ಎದೆಗೆ ಬಡಿಯಿತು, ಪ್ಯಾರಾಚೂಟ್ ತೆರೆಯಲೇ ಇಲ್ಲ. ಸೀಟಿನ ಕೆಳಗೆ ಸ್ಫೋಟಕ ತುಂಬಿದ ಕಾರ್ಟ್ರಿಜ್ ಏಕಿದೆ ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಇದೇ: ಮನುಷ್ಯನನ್ನು ಆ ಬಾಲದ ಮೇಲಿಂದ ದಾಟಿಸುವುದಕ್ಕಾಗಿ.

ಜರ್ಮನಿಯ ಪೈಲಟ್ ಹೆಲ್ಮುಟ್ ಶೆಂಕ್ ಯುದ್ಧಕಾಲದಲ್ಲೇ ಒತ್ತಿದ ಗಾಳಿಯಿಂದ ಚಿಮ್ಮುವ ಸೀಟಿನಲ್ಲಿ ಪಾರಾಗಿದ್ದ. ಬ್ರಿಟನ್ನಿನಲ್ಲಿ ಮಾರ್ಟಿನ್-ಬೇಕರ್ ಕಂಪನಿಯ ಸೀಟನ್ನು 1946ರ ಜುಲೈ 24ರಂದು ಹಾರುವ ಮೀಟಿಯೋರ್ ವಿಮಾನದಲ್ಲಿ ಮೊದಲು ಪರೀಕ್ಷಿಸಿದ ಬರ್ನಾರ್ಡ್ ಲಿಂಚ್ ಅದೇ ಕಂಪನಿಯ ಫಿಟ್ಟರ್ ಆಗಿದ್ದರು. ನಮ್ಮ ವೃತ್ತಿಯವರೇ ಒಬ್ಬರು ಮೊದಲು ಆ ಸೀಟಿನಲ್ಲಿ ಕುಳಿತರೆಂಬುದು ನನಗೆ ಬಹಳ ಹೆಮ್ಮೆಯ ಸಂಗತಿ.

ಹೀಗಾಗಿ ನನ್ನ ತರಗತಿಯಲ್ಲಿ ಒಂದು ನಿಯಮವಿದೆ. ತಪಾಸಣೆಯ ಹಾಳೆಗೆ ಸಹಿ ಹಾಕುವ ಮುನ್ನ ಕಲಿಯುವವರು ಆ ಭಾಗ ಯಾವ ಕೈಕೆಲಸದ ಬದಲಿಗೆ ಬಂದಿದೆಯೆಂದು ಹೇಳಬೇಕು. ಆಮ್ಲಜನಕ, ರೇಡಿಯೊ ಸಂಪರ್ಕಗಳನ್ನು ಒಟ್ಟಿಗೆ ಬೇರ್ಪಡಿಸುವ ಕನೆಕ್ಟರ್ ತೋರಿಸಿದರೆ ಅಂದಿನ ಕೊಳವೆ ಮತ್ತು ತಂತಿ ನೆನಪಾಗಬೇಕು. ಎಲ್ಲರೂ ತಡವರಿಸುವುದು ಎತ್ತರವನ್ನು ಅಳೆಯುವ ಪುಟ್ಟ ಡಬ್ಬಿಯ ಮುಂದೆ. ನಿಗದಿತ ಎತ್ತರಕ್ಕೆ, ಹಲವು ಸೀಟುಗಳಲ್ಲಿ ಸುಮಾರು 3,000 ಮೀಟರಿಗೆ, ಇಳಿಯುವವರೆಗೆ ಅದು ಮುಖ್ಯ ಪ್ಯಾರಾಚೂಟನ್ನು ತಡೆದಿಡುತ್ತದೆ. ಯುದ್ಧಕಾಲದ ಪೈಲಟ್ ಉಸಿರಾಡಲು ಸಾಕಷ್ಟು ಗಾಳಿಯಿಲ್ಲದ ಆ ಚಳಿಯಲ್ಲಿ ಬೀಳುತ್ತಾ, ಹಿಡಿಕೆಯನ್ನು ಯಾವಾಗ ಎಳೆಯಬೇಕೆಂದು ತಾನೇ ಅಂದಾಜು ಮಾಡಬೇಕಿತ್ತು.