ವನದೇವಿಗೆ ಹಸಿರು ಮೈ ಯಾಕಿಲ್ಲ?

ನಾನು ಟ್ಯಾಬ್ಲೆಟ್ಟಿನಲ್ಲಿ ಬಿಡಿಸುವ ವನದೇವಿಯ ಚಿತ್ರಗಳನ್ನು ನೋಡಿದವರಲ್ಲಿ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: ಕಾಡಿನ ದೇವಿಯ ಮೈ ಹಸಿರಾಗಿರಬೇಕಲ್ಲವೇ, ನೀವೇಕೆ ಆಕೆಗೆ ತೊಗಟೆಯ ಬಣ್ಣ ಕೊಡುತ್ತೀರಿ? ಉಡುಪಿಯ ಸುತ್ತಮುತ್ತಲಿನ ನಾಗಬನಗಳಿಗೆ, ಅಂದರೆ ನಾಗನ ಹೆಸರಿನಲ್ಲಿ ಉಳಿಸಿಕೊಂಡ ಮರಗಳ ತೋಪುಗಳಿಗೆ, ವರ್ಷವೂ ಹೋಗಿಬರುವವರೇ ಹೀಗೆ ಕೇಳುವಾಗ ನನಗೆ ತುಸು ಆಶ್ಚರ್ಯವಾಗುತ್ತದೆ, ಏಕೆಂದರೆ ನನ್ನ ಉತ್ತರ ಇರುವುದೇ ಆ ಬನಗಳಲ್ಲಿ.

ಬನದೊಳಗೆ ನಿಂತು ನೋಡಿದರೆ ಹಸಿರು ಬಹುಪಾಲು ತಲೆಯ ಮೇಲಿರುತ್ತದೆ. ಕಣ್ಣಿನ ಎತ್ತರದಲ್ಲಿರುವುದು ರೆಂಜೆ, ಹಾಳೆ, ಕಾಸರಕ ಮರಗಳ ಕಾಂಡ ಮತ್ತು ಅವುಗಳಿಗೆ ಅಂಟಿಕೊಂಡ ಬೂದಿ, ಬಿಳಿ ಬಣ್ಣದ ಕಲ್ಲುಹೂವಿನ ತೇಪೆಗಳು. ಕಾಲಡಿಯಲ್ಲಿ ತರಗೆಲೆ, ಅದು ಸರಿದಲ್ಲಿ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಕೆಂಪು. ಎಲೆಯು ಬಿಸಿಲಿನ ಕೆಂಪು ಮತ್ತು ನೀಲಿ ಭಾಗಗಳನ್ನು ಹೆಚ್ಚಾಗಿ ಹೀರಿಕೊಂಡು, ಹಸಿರಿನಲ್ಲಿ ಒಂದಿಷ್ಟನ್ನು ಹಿಂದಕ್ಕೆ ಚೆಲ್ಲಿ ಇನ್ನೊಂದಿಷ್ಟನ್ನು ತನ್ನ ಮೂಲಕವೇ ಕೆಳಕ್ಕೆ ಬಿಡುತ್ತದೆ. ಆದ್ದರಿಂದ ಅಲ್ಲಿ ನಿಂತವರ ಹಣೆ, ಹೆಗಲು, ಮೂಗಿನ ದಂಡೆಯ ಮೇಲೆ ಹಳದಿ ಬೆರೆತ ಹಸಿರು ಛಾಯೆ ಬೀಳುತ್ತದೆ. ಬಿಸಿಲು ತಾಗಿದ ಮುರಕಲ್ಲು ಹತ್ತಿರದಲ್ಲಿದ್ದರೆ ಗದ್ದದ ಅಡಿಗೆ ಕೆಂಪು ಛಾಯೆ ಏರುತ್ತದೆ. ತೊಗಟೆಯ ಬೂದುಗಂದು ಈ ಎರಡು ಬೆಳಕುಗಳನ್ನೂ ಬೇರೆಬೇರೆಯಾಗಿ ತೋರಿಸಬಲ್ಲದು. ಮೈಯೇ ಹಸಿರಾದರೆ ಹಸಿರು ಬೆಳಕು ಬಿದ್ದದ್ದು ಗೊತ್ತೇ ಆಗುವುದಿಲ್ಲ, ಕೆಂಪು ಬೆಳಕು ಬಿದ್ದಲ್ಲಿ ಕೊಳೆಯಾದಂತೆ ಕಾಣುತ್ತದೆ. ಇದಕ್ಕೆ ಕಣ್ಣಿನ ಸ್ವಭಾವವೂ ಸೇರಿಕೊಳ್ಳುತ್ತದೆ. ಅಕ್ಕಪಕ್ಕದ ಬಣ್ಣಗಳು ಒಂದರ ನೋಟವನ್ನು ಇನ್ನೊಂದು ಬದಲಿಸುತ್ತವೆ ಎಂಬುದನ್ನು ಫ್ರಾನ್ಸಿನ ರಸಾಯನ ವಿಜ್ಞಾನಿ ಷೆವ್ರಲ್ 1839ರಲ್ಲಿಯೇ ವಿಸ್ತಾರವಾಗಿ ಬರೆದಿದ್ದಾನೆ. ಹಸಿರಿನ ನಡುವೆ ಇಟ್ಟ ಬೂದುಬಣ್ಣ ನಾವು ಹಚ್ಚದೆಯೇ ಕೊಂಚ ಕೆಂಪಾಗಿ, ರಕ್ತ ಹರಿಯುತ್ತಿರುವ ಮೈಯಂತೆ ಕಾಣುತ್ತದೆ.

ಹಾಗಾಗಿ ನಾನು ಮೊದಲು ಆಕೃತಿಯನ್ನು ಕಪ್ಪುಬಿಳುಪಿನಲ್ಲೇ ಮುಗಿಸಿ, ಅದರ ಮೇಲೆ ಬೂದುಗಂದು ಹಚ್ಚಿ, ನೆರಳಿಗೆ ಕೆಳಗಿನ ಬಣ್ಣವನ್ನು ಗಾಢವಾಗಿಸುವ ಒಂದು ಮಲ್ಟಿಪ್ಲೈ ಲೇಯರ್ (ಪದರ) ಇಟ್ಟು, ಎಲೆಯ ಬೆಳಕನ್ನು ಕೆಳಗಿನ ಬಣ್ಣವನ್ನು ಮೆದುವಾಗಿ ಬದಲಿಸುವ ಬೇರೆಯೇ ಒಂದು ಸಾಫ್ಟ್ ಲೈಟ್ ಲೇಯರಿನಲ್ಲಿ ತೆಳುವಾಗಿ ಬಿಡಿಸುತ್ತೇನೆ. ಹೆಚ್ಚು ಹೊತ್ತು ಹಿಡಿಯುವುದು ತೊಗಟೆಯ ಬಿರುಕುಗಳು. ಫೋಟೋದಿಂದ ಮಾಡಿದ ತೊಗಟೆಯ ಬ್ರಷ್ಷುಗಳು ಧಾರಾಳವಾಗಿ ಸಿಗುತ್ತವೆ, ಆದರೆ ಅವು ತೋಳಿನ ದುಂಡನ್ನು ಅನುಸರಿಸದೆ ಸ್ಟಿಕ್ಕರಿನಂತೆ ಮೇಲೆ ಕುಳಿತುಬಿಡುತ್ತವೆ. ನಾನು ಬಿರುಕುಗಳನ್ನು ಒಂದೊಂದಾಗಿ ಕೈಯಲ್ಲೇ ಎಳೆಯುತ್ತೇನೆ: ಮುಂದೋಳಿನಲ್ಲಿ ಉದ್ದಕ್ಕೆ, ಮೊಣಕೈ ಮಡಚುವಲ್ಲಿ ಅಡ್ಡಕ್ಕೆ. ಬೆಳಕು ಎಡಗಡೆಯಿಂದ ಬರುತ್ತಿದ್ದರೆ ಬಿರುಕಿನ ಎಡ ಅಂಚು ಕಪ್ಪಾಗಬೇಕು, ಬಲ ಅಂಚಿಗೆ ಕೂದಲೆಳೆಯಷ್ಟು ಬೆಳಕಿನ ಗೆರೆ ಬರಬೇಕು. ಇದು ತಿರುಗುಮುರುಗಾದರೆ ಬಿರುಕು ಒಳಗಿಳಿಯುವ ಬದಲು ಉಬ್ಬಿದ ನರದಂತೆ ಕಾಣುತ್ತದೆ, ದೇವಿಗೆ ಒಮ್ಮೆಲೇ ಮುಪ್ಪು ಬರುತ್ತದೆ.

ಈ ಪ್ರಶ್ನೆಯ ಬೆನ್ನಿಗೇ ಬರುವ ಇನ್ನೊಂದು ಮಾತಿದೆ: ಇದು ಯಾವ ದೈವ? ಯಾವುದೂ ಅಲ್ಲ. ಪಂಜುರ್ಲಿ, ಜುಮಾದಿ, ಗುಳಿಗ ಮುಂತಾದ ತುಳುನಾಡಿನ ದೈವಗಳಿಗೆ ಅವುಗಳದೇ ಅಣಿ (ಬೆನ್ನಿಗೆ ಕಟ್ಟುವ ಪ್ರಭಾವಳಿ), ಗಗ್ಗರ (ಕಾಲಿನ ಗೆಜ್ಜೆ), ಮುಖವರ್ಣಿಕೆ ಇದೆ, ಅದರ ಕಟ್ಟುಕಟ್ಟಳೆ ತಲೆಮಾರುಗಳಿಂದ ಅದನ್ನು ಕಟ್ಟಿಕೊಂಡು ಬಂದವರ ಕೈಯಲ್ಲಿದೆ. ಅದನ್ನು ನನ್ನ ಮನಸ್ಸಿಗೆ ತೋಚಿದಂತೆ ತಿದ್ದುವ ಅಧಿಕಾರ ನನಗಿಲ್ಲ ಎಂದೇ ಭಾವಿಸಿದ್ದೇನೆ. ನಾನು ಕೋಲದಿಂದ, ಅಂದರೆ ದೈವದ ವೇಷ ಕಟ್ಟಿ ನಡೆಸುವ ಆರಾಧನೆಯಿಂದ, ತೆಗೆದುಕೊಂಡದ್ದು ಮುಖಕ್ಕೆ ಹಚ್ಚುವ ಅರ್ದಳದ ಹಳದಿಯೊಂದನ್ನು ಮಾತ್ರ, ಅದನ್ನೂ ಎಲೆಗಳ ಸಂದಿನಿಂದ ನೇರ ಬಿಸಿಲು ಬೀಳುವ ಸಣ್ಣ ಚುಕ್ಕೆಗಳಿಗಷ್ಟೇ ಬಳಸುತ್ತೇನೆ.

ಬಣ್ಣ ಬದಲಾದರೆ ಆಕೆ ಮರಕ್ಕೆ ಸೇರಿದವಳೆಂದು ಹೇಗೆ ತಿಳಿಯಬೇಕು ಎಂದು ವಾದಿಸುವವರೂ ಇದ್ದಾರೆ. ಸಾಂಚಿಯ ಬೌದ್ಧ ಸ್ತೂಪದ ತೋರಣದಲ್ಲಿ (ಕಲ್ಲಿನ ಹೆಬ್ಬಾಗಿಲಿನಲ್ಲಿ) ಮಾವಿನ ಕೊಂಬೆ ಹಿಡಿದು ಬಾಗಿ ನಿಂತ ಶಾಲಭಂಜಿಕೆ ಇಂದು ಬರಿಯ ಕಲ್ಲಿನ ಬಣ್ಣದಲ್ಲೇ ಇದ್ದಾಳೆ. ಆದರೂ ಆಕೆಯನ್ನು ಮರದಿಂದ ಬೇರೆ ಮಾಡಿ ನೋಡಲು ಯಾರಿಂದಲೂ ಆಗದು, ಏಕೆಂದರೆ ಕೊಂಬೆಯ ಬಾಗು ಆಕೆಯ ಸೊಂಟದಲ್ಲಿಯೂ ಇದೆ. ಈ ವಿಷಯದಲ್ಲಿ ನನಗೆ ಬಣ್ಣಕ್ಕಿಂತ ಭಂಗಿಯ ಮೇಲೆಯೇ ಹೆಚ್ಚು ನಂಬಿಕೆ.

ಹಸಿರನ್ನು ಪೂರ್ತಿ ದೂರವಿಟ್ಟಿದ್ದೇನೆಂದಲ್ಲ. ಆಟಿ ತಿಂಗಳ, ಅಂದರೆ ತುಳುವರ ಮಳೆಗಾಲದ ತಿಂಗಳ, ಚಿತ್ರವಾದರೆ ಆಕೆಯ ಪಾದದಿಂದ ಮೊಣಕಾಲಿನ ತನಕ ಪಾಚಿ ಹತ್ತಿಸುತ್ತೇನೆ, ನಮ್ಮ ಮಳೆಗೆ ಅಷ್ಟೂ ಹತ್ತದಿದ್ದರೆ ಅದು ಕರಾವಳಿಯ ಕಾಡೇ ಅಲ್ಲ. ಆದರೆ ಪಾಚಿ ಹತ್ತುವುದು ಮೈಮೇಲಿನಿಂದ ನೀರು ಇಳಿದುಬರುವ ಜಾಡಿನಲ್ಲಿ ಮಾತ್ರ. ಹೆಗಲಿನ ನೀರು ಯಾವ ಕಡೆಯಿಂದ ಇಳಿಯುತ್ತದೆ ಎಂದು ಮೊದಲು ಗೆರೆ ಹಾಕಿಕೊಂಡ ಮೇಲೆಯೇ ಆ ಲೇಯರ್ ತೆರೆಯುತ್ತೇನೆ.