ನೀವು ಯಾವ ಚರ್ಚಿಗೆ ಹೋಗುತ್ತೀರಿ?

2022ರ ಅಕ್ಟೋಬರಿನ ಒಂದು ಸಂಜೆ, ಉತ್ತರ ಕೆರೊಲಿನಾದ ನಮ್ಮ ಕೌಂಟಿಯ ಗ್ರಂಥಾಲಯದ ಸಭಾಂಗಣದಲ್ಲಿ, ಶಾಲಾ ಮಂಡಳಿಯ ಎರಡು ಸ್ಥಾನಗಳಿಗೆ ನಿಂತಿದ್ದ ನಾಲ್ವರು ಅಭ್ಯರ್ಥಿಗಳನ್ನು ಮತದಾರರ ಮುಂದೆ ಕೂರಿಸಿ ಪ್ರಶ್ನೆ ಕೇಳುವ ಸಭೆ ಏರ್ಪಾಡಾಗಿತ್ತು. ಸ್ವಯಂಸೇವಕಿಯಾಗಿ ಹೋಗಿದ್ದ ನನಗೆ ಎರಡು ಕೆಲಸ ಒಪ್ಪಿಸಿದ್ದರು. ಜನ ಕಾರ್ಡುಗಳ ಮೇಲೆ ಬರೆದುಕೊಡುವ ಪ್ರಶ್ನೆಗಳನ್ನು ಸಭೆಗೆ ಮುಂಚೆ ವಿಂಗಡಿಸುವುದು ಮೊದಲನೆಯದು. ಸಭೆ ಶುರುವಾದ ಮೇಲೆ ಮುಂದಿನ ಸಾಲಿನಲ್ಲಿ ಕುಳಿತು, ಉತ್ತರಕ್ಕೆ ಗೊತ್ತುಪಡಿಸಿದ 90 ಸೆಕೆಂಡುಗಳಲ್ಲಿ 30 ಉಳಿದಾಗ ಹಳದಿ ಹಾಳೆಯನ್ನೂ ಸಮಯ ಮುಗಿದಾಗ ಕೆಂಪು ಹಾಳೆಯನ್ನೂ ಎತ್ತಿ ತೋರಿಸುವುದು ಎರಡನೆಯದು.

ವಿಂಗಡಣೆಗೆ ನನ್ನ ಜೊತೆ ಕುಳಿತಿದ್ದವರು ಎಪ್ಪತ್ತು ದಾಟಿದ ಒಬ್ಬ ಮಹಿಳೆ. ಅವರು ಭಾನುವಾರ ತಪ್ಪದೆ ಬ್ಯಾಪ್ಟಿಸ್ಟ್ ಚರ್ಚಿಗೆ ಹೋಗುವವರು, ಅಲ್ಲಿಯ ಗಾಯನ ಮೇಳದಲ್ಲಿ ಹಾಡುವವರು. ನಾನು ದೇವರನ್ನು ನಂಬದವಳೆಂಬುದು ಅವರಿಗೆ ಗೊತ್ತಿತ್ತು. ಮೂರು ಚುನಾವಣೆಗಳಲ್ಲಿ ಒಂದೇ ಮೇಜಿನ ಹಿಂದೆ ಕುಳಿತು ಕೆಲಸ ಮಾಡಿದ್ದರೂ ಈ ವಿಷಯ ನಮ್ಮ ನಡುವೆ ಒಮ್ಮೆಯೂ ಅಡ್ಡ ಬಂದಿರಲಿಲ್ಲ.

ಕಾರ್ಡುಗಳಲ್ಲಿ ಹೆಚ್ಚಿನವು ಎಲ್ಲರಿಗೂ ಗೊತ್ತಿದ್ದ ಸಂಕಟಗಳ ಬಗ್ಗೆಯೇ ಇದ್ದವು: ಬಸ್ಸುಗಳಿಗೆ ಚಾಲಕರಿಲ್ಲ, ಮೂರನೆಯ ತರಗತಿಯ ಮಕ್ಕಳಿಗೆ ಓದಲು ಬರುತ್ತಿಲ್ಲ, ಬದಲಿ ಶಿಕ್ಷಕರು ಸಿಗುತ್ತಿಲ್ಲ. ಅವುಗಳ ನಡುವೆ ನನ್ನ ಕೈಗೆ ಬಂದದ್ದು ನೀಲಿ ಶಾಯಿಯ ಒಂದು ಕಾರ್ಡು. ‘ಎಲ್ಲ ಅಭ್ಯರ್ಥಿಗಳಿಗೆ: ನಿಮಗೆ ದೇವರಲ್ಲಿ ನಂಬಿಕೆ ಇದೆಯೇ? ನೀವು ಯಾವ ಚರ್ಚಿಗೆ ಹೋಗುತ್ತೀರಿ?’ ದೇವರು ಎಂಬ ಪದದ ಕೆಳಗೆ ಎರಡು ಗೆರೆ ಎಳೆದಿದ್ದರು. ಕಾರ್ಡು ಬೆರಳಿಗೆ ತರಿತರಿಯಾಗಿ ಹತ್ತಿತು. ಬರೆದವರು ಅಷ್ಟು ಒತ್ತಿ ಬರೆದಿದ್ದರು. ಅದು ಸಿಟ್ಟಿನ ಒತ್ತು ಎಂದು ನಾನು ಆ ಕ್ಷಣದಲ್ಲೇ ತೀರ್ಮಾನಿಸಿಬಿಟ್ಟೆ.

ಈ ಪ್ರಶ್ನೆಯ ಜೊತೆ ನನಗೊಂದು ಹಳೆಯ ಲೆಕ್ಕವಿದೆ. 2014ರಲ್ಲಿ ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕಿದಾಗ 100 ಪ್ರಶ್ನೆಗಳ ಪಟ್ಟಿಯನ್ನು ಬಾಯಿಪಾಠ ಮಾಡಿದ್ದೆ. ಅದರ ಹತ್ತನೆಯ ಪ್ರಶ್ನೆ, ಧಾರ್ಮಿಕ ಸ್ವಾತಂತ್ರ್ಯ ಎಂದರೇನು ಎಂಬುದು. ಯಾವ ಧರ್ಮವನ್ನಾದರೂ ಆಚರಿಸಬಹುದು, ಯಾವ ಧರ್ಮವನ್ನೂ ಆಚರಿಸದೆಯೂ ಇರಬಹುದು ಎಂಬುದು ಸರ್ಕಾರವೇ ಅಚ್ಚು ಹಾಕಿಸಿದ ಉತ್ತರ. ಆ ಉತ್ತರದ ಎರಡನೆಯ ಅರ್ಧ ನನಗಾಗಿಯೇ ಬರೆದಂತಿತ್ತು. ಪ್ರಮಾಣವಚನದ ದಿನ ಕೊನೆಯಲ್ಲಿ ಬರುವ ‘ದೇವರು ನನಗೆ ನೆರವಾಗಲಿ’ ಎಂಬ ಮಾತನ್ನು ಬಿಡಲು ಅವಕಾಶವಿದೆಯೆಂದು ತಿಳಿದು, ಅದನ್ನು ಬಿಟ್ಟೇ ಪ್ರಮಾಣ ಮಾಡಿದೆ. ಯಾರೂ ಆಕ್ಷೇಪಿಸಲಿಲ್ಲ. ನಾನು ಸೇರುತ್ತಿರುವ ದೇಶ ಮಾತಿಗೆ ತಪ್ಪುವುದಲ್ಲ ಎಂಬ ಭರವಸೆ ಆ ದಿನ ನನ್ನಲ್ಲಿ ಹುಟ್ಟಿತು.

ಆದರೆ ನಾನು ನೆಲೆಸಿದ ರಾಜ್ಯದ ಸಂವಿಧಾನವನ್ನು ಓದಿದ್ದು ಆಮೇಲೆ. ಸರ್ಕಾರದ ಯಾವುದೇ ಹುದ್ದೆಗೆ ಧಾರ್ಮಿಕ ಪರೀಕ್ಷೆಯನ್ನು ಎಂದೂ ಅರ್ಹತೆಯಾಗಿ ಕೇಳತಕ್ಕದ್ದಲ್ಲ ಎಂದು 1787ರಲ್ಲಿ ಬರೆದ ಒಕ್ಕೂಟದ ಸಂವಿಧಾನದ 6ನೇ ವಿಧಿ ಹೇಳುತ್ತದೆ. ಉತ್ತರ ಕೆರೊಲಿನಾದ ಸಂವಿಧಾನವಾದರೋ, ಹುದ್ದೆಗೆ ಅನರ್ಹರಾದವರನ್ನು ಪಟ್ಟಿ ಮಾಡುವಾಗ, ಅಪರಾಧಿಗಳಿಗಿಂತಲೂ ಮೊದಲು ಸರ್ವಶಕ್ತನಾದ ದೇವರ ಇರವನ್ನು ಅಲ್ಲಗಳೆಯುವವರನ್ನು ಹೆಸರಿಸುತ್ತದೆ. ಈ ಮಾತಿಗೆ ಈಗ ಕಾನೂನಿನ ಬಲವಿಲ್ಲ. ದೇವರಲ್ಲಿ ನಂಬಿಕೆಯಿದೆಯೆಂದು ಘೋಷಿಸಲು ಒಪ್ಪದ್ದಕ್ಕೆ ನೋಟರಿ ಹುದ್ದೆ ಸಿಗದೆ ಹೋಗಿದ್ದ ಮೇರಿಲ್ಯಾಂಡಿನ ರಾಯ್ ಟೊರ್ಕಾಸೊ ಸುಪ್ರೀಂ ಕೋರ್ಟಿಗೆ ಹೋಗಿ 1961ರಲ್ಲಿ ಗೆದ್ದರು. ಅಂಥ ಪರೀಕ್ಷೆಯನ್ನು ಯಾವ ರಾಜ್ಯವೂ ಒಡ್ಡುವಂತಿಲ್ಲ ಎಂದಾಯಿತು. ಆದರೂ 2009ರಲ್ಲಿ ನಮ್ಮದೇ ರಾಜ್ಯದ ಆಶ್‌ವಿಲ್‌ನ ನಗರಸಭೆಗೆ ಸೆಸಿಲ್ ಬಾತ್‌ವೆಲ್ ಆಯ್ಕೆಯಾದಾಗ, ಇವರು ನಾಸ್ತಿಕರು, ಹುದ್ದೆಗೆ ಅನರ್ಹರು ಎಂದು ವಿರೋಧಿಗಳು ಇದೇ ಸಾಲನ್ನು ಹಿಡಿದೆತ್ತಿದರು. ಬಾತ್‌ವೆಲ್ ದೇವರ ಹೆಸರಿನ ಪ್ರಮಾಣದ ಬದಲು ಬರೀ ದೃಢೀಕರಣ ಮಾಡಿ ಅಧಿಕಾರ ವಹಿಸಿಕೊಂಡರು. ಸಾಲು ಮಾತ್ರ ಸಂವಿಧಾನದಲ್ಲಿ ಹಾಗೆಯೇ ಉಳಿದಿದೆ.

ಇಷ್ಟೆಲ್ಲ ಗೊತ್ತಿದ್ದೂ ಆ ಕಾರ್ಡನ್ನು ಏನು ಮಾಡಬೇಕೆಂದು ನನಗೆ ತೋಚಲಿಲ್ಲ. 6ನೇ ವಿಧಿ ಕಟ್ಟಿಹಾಕುವುದು ಸರ್ಕಾರವನ್ನು, ಮತದಾರನನ್ನಲ್ಲ. ಮತದಾರ ತನಗೆ ಬೇಕಾದ ಒರೆಗಲ್ಲಿಗೆ ಅಭ್ಯರ್ಥಿಯನ್ನು ಹಚ್ಚಿ ನೋಡಬಹುದು. ಮತ ಗುಪ್ತವಾಗಿರುವುದೇ ಅದಕ್ಕಾಗಿ. ಶಾಲಾ ಮಂಡಳಿಗೆ ನಿಂತವರ ನಂಬಿಕೆ ತರಗತಿಯ ಪಾಠದವರೆಗೂ ಬರಬಹುದು ಎಂಬ ಆತಂಕವೂ ಸುಳ್ಳಲ್ಲ. ಪೆನ್ಸಿಲ್ವೇನಿಯಾದ ಡೋವರ್‌ನಲ್ಲಿ ಅಲ್ಲಿಯ ಮಂಡಳಿ ಜೀವವಿಕಾಸದ ಪಾಠದ ಪಕ್ಕಕ್ಕೆ ‘ಬುದ್ಧಿವಂತ ವಿನ್ಯಾಸ’ವನ್ನು, ಅಂದರೆ ಜೀವಿಗಳನ್ನು ಯಾವುದೋ ಬುದ್ಧಿಶಕ್ತಿ ರೂಪಿಸಿತೆಂಬ ವಾದವನ್ನು, ತಂದು ನಿಲ್ಲಿಸಿತ್ತು. 2005ರ ಡಿಸೆಂಬರಿನಲ್ಲಿ ನ್ಯಾಯಾಲಯ ಅದನ್ನು ಸಂವಿಧಾನಬಾಹಿರವೆಂದಿತು. ಅಲ್ಲಿಯ ಶಾಲಾ ಜಿಲ್ಲೆ 10 ಲಕ್ಷ ಡಾಲರ್ ದಾಟಿದ ವಕೀಲರ ವೆಚ್ಚವನ್ನು ತೆರಬೇಕಾಯಿತು. ಆದರೆ ಆ ಮೊಕದ್ದಮೆಯಲ್ಲಿ ವಿಜ್ಞಾನದ ಪರವಾಗಿ ಮೊದಲು ನಿಂತು ಸಾಕ್ಷಿ ನುಡಿದ ಕೆನೆತ್ ಮಿಲ್ಲರ್ ಕ್ಯಾಥೊಲಿಕ್ ನಂಬಿಕೆಯುಳ್ಳ ಜೀವವಿಜ್ಞಾನಿ. ಅಲ್ಲಿ ಅಭ್ಯರ್ಥಿಗಳನ್ನು ಚರ್ಚಿನ ಹೆಸರಿನಿಂದ ಸೋಸಲು ಹೊರಟಿದ್ದರೆ ಮಿಲ್ಲರ್ ಅವರಂಥವರೂ ಹೊರಗುಳಿಯುತ್ತಿದ್ದರು. ಜೀವವಿಕಾಸವನ್ನು ಪಾಠದಲ್ಲಿ ಉಳಿಸುತ್ತೀರಾ ಎಂದು ಕೇಳಿದರೆ ಉತ್ತರ ಸಿಗುತ್ತದೆ, ಆ ಉತ್ತರಕ್ಕೆ ಅವರನ್ನು ಮುಂದೆ ಹೊಣೆ ಮಾಡಲೂ ಬರುತ್ತದೆ. ದೇವರಿದ್ದಾನೆಯೇ ಎಂದು ಕೇಳಿ ಪಡೆದ ಉತ್ತರಕ್ಕೆ ಯಾರನ್ನು ಹೊಣೆ ಮಾಡುವುದು?

ಹೀಗೆ ನನ್ನೊಳಗೇ ವಾದಿಸುತ್ತ, ಕಾರ್ಡನ್ನು ಪಕ್ಕಕ್ಕಿಡಲೂ ಆಗದೆ ಮುಂದಕ್ಕೆ ಕಳಿಸಲೂ ಆಗದೆ ಹಿಡಿದು ಕುಳಿತಿದ್ದೆ. ಪಕ್ಕಕ್ಕಿಟ್ಟರೆ ನಂಬದವಳೊಬ್ಬಳು ದೇವರ ಪ್ರಶ್ನೆಯನ್ನು ಬಚ್ಚಿಟ್ಟಳು ಎಂದಾಗುತ್ತದೆ. ಕಳಿಸಿದರೆ, ಆ ಅಪವಾದಕ್ಕೆ ಹೆದರಿ ಕಳಿಸಿದೆ ಎಂದು ನನಗೇ ಗೊತ್ತಿರುತ್ತದೆ. ನನ್ನ ಪಕ್ಕದಲ್ಲಿದ್ದ ಮಹಿಳೆ ಕೈ ಚಾಚಿ ಕಾರ್ಡನ್ನು ತೆಗೆದುಕೊಂಡು ಓದಿದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇದು ಹೋಗುವುದು ಬೇಡ,” ಎಂದರು. “ನಿಮಗಾಗಿ ಹೇಳುತ್ತಿಲ್ಲ, ನನಗಾಗಿ ಹೇಳುತ್ತಿದ್ದೇನೆ. ಪರವಾನಗಿ ಇಲ್ಲದೆ ಉಪದೇಶ ಮಾಡಿದರೆಂದು ವರ್ಜೀನಿಯಾದಲ್ಲಿ ನಮ್ಮ ಬ್ಯಾಪ್ಟಿಸ್ಟ್ ಬೋಧಕರನ್ನು ಜೈಲಿಗೆ ಹಾಕಿದ್ದರು. ಯಾರ ನಂಬಿಕೆ ಸರಿ ಎಂದು ಪಟ್ಟದಲ್ಲಿ ಕೂತವರು ಹೇಳುವ ಕಾಲ ಅದು. ನಾವು ಅದನ್ನು ಮರೆಯಬಾರದು.”

ಅವರು ಕಾರ್ಡನ್ನು ಬೋರಲು ಹಾಕದೆ, ಬರಹ ಮೇಲೆ ಕಾಣುವಂತೆಯೇ ಮೇಜಿನ ಅಂಚಿನಲ್ಲಿಟ್ಟರು. ನನ್ನ ಮೇಲಿನ ಭಾರ ಇಳಿಯಿತು. ಅಷ್ಟು ಸುಲಭವಾಗಿ ಇಳಿಯಗೊಟ್ಟದ್ದು ಸರಿಯಲ್ಲವೆಂದು ಈಗ ಅನ್ನಿಸುತ್ತದೆ.

ಸಭೆಯ ಮೊದಲ ಒಂದು ಗಂಟೆ ಶಾಂತವಾಗಿ ಕಳೆಯಿತು. ಮುಕ್ತಾಯದ ಮಾತುಗಳ ಸರದಿ ಬಂದಾಗ ಮೊದಲ ಅಭ್ಯರ್ಥಿ, ಸ್ವಂತ ವ್ಯಾಪಾರ ನಡೆಸುವ ಮಧ್ಯವಯಸ್ಸಿನ ವ್ಯಕ್ತಿ, ತಾನು ಯಾವ ಚರ್ಚಿನಲ್ಲಿ ಎಷ್ಟು ವರ್ಷಗಳಿಂದ ಮಕ್ಕಳಿಗೆ ಭಾನುವಾರದ ಪಾಠ ಹೇಳುತ್ತಿದ್ದೇನೆ ಎಂಬುದನ್ನು ವಿವರಿಸಿದರು. ಬಳಿಕ ಉಳಿದ ಮೂವರ ಕಡೆ ತಿರುಗಿ, “ನಿಮ್ಮ ಮಕ್ಕಳನ್ನು ಯಾರ ಕೈಗೆ ಒಪ್ಪಿಸುತ್ತಿದ್ದೀರಿ ಎಂದು ತಿಳಿಯುವ ಹಕ್ಕು ಇಲ್ಲಿರುವ ತಂದೆತಾಯಿಗಳಿಗೆ ಇದೆ, ನೀವೂ ಹೇಳಿ,” ಎಂದರು. ನಾನು ಕೆಂಪು ಹಾಳೆ ಎತ್ತುವ ಹೊತ್ತಿಗೆ ಮಾತು ಆಡಿಯಾಗಿತ್ತು. ನಾವು ಮೇಜಿನ ಅಂಚಿನಲ್ಲಿಟ್ಟಿದ್ದ ಪ್ರಶ್ನೆ ವೇದಿಕೆಯ ಮೇಲಿನಿಂದಲೇ ಬಂದುಬಿಟ್ಟಿತು.

ಎರಡನೆಯವರು ಹಿಂದೆ ಮುಂದೆ ನೋಡದೆ ತಮ್ಮ ಚರ್ಚಿನ ಹೆಸರು ಹೇಳಿ, ಅದರ ದಾನಕಾರ್ಯಗಳನ್ನೂ ಸೇರಿಸಿದರು. ಮೂರನೆಯವರು ಲೆಕ್ಕಪತ್ರದ ಕೆಲಸದಿಂದ ನಿವೃತ್ತರಾದವರು. ಆ ಸಂಜೆ ಬಜೆಟ್ಟಿನ ಬಗ್ಗೆ ಎಲ್ಲರಿಗಿಂತ ಸ್ಪಷ್ಟವಾಗಿ ಮಾತನಾಡಿದ್ದರು. ನಾನು ಅವರಿಂದ ಆರು ಅಡಿ ದೂರದಲ್ಲಿದ್ದೆ. ಎದುರಿಗಿದ್ದ ನೀರಿನ ಲೋಟವನ್ನು ಅವರು ಎರಡು ಸಲ ಎತ್ತಿ, ಕುಡಿಯದೆ ಇಟ್ಟರು. ಕೊನೆಗೆ ಒಂದು ಬ್ಯಾಪ್ಟಿಸ್ಟ್ ಚರ್ಚಿನ ಹೆಸರನ್ನು, ಅದರ ಮುಂದೆ ‘ನಮ್ಮ ಕುಟುಂಬದ’ ಎಂಬ ಪದವನ್ನು ಸೇರಿಸಿ, ಮೆಲುದನಿಯಲ್ಲಿ ಹೇಳಿದರು. 90 ಸೆಕೆಂಡುಗಳಲ್ಲಿ ಅವರು ಬಳಸಿದ್ದು ಇಪ್ಪತ್ತೂ ಇರಲಿಕ್ಕಿಲ್ಲ. ಬಜೆಟ್ಟಿನ ಮಾತು ಮತ್ತೆ ಬರಲೇ ಇಲ್ಲ.

ನಾಲ್ಕನೆಯವರು ಮೂವತ್ತು ವರ್ಷ ಗಣಿತ ಕಲಿಸಿದ್ದ ಶಿಕ್ಷಕಿ. “ಈ ಪ್ರಶ್ನೆಗೆ ಈ ವೇದಿಕೆಯಲ್ಲಿ ನಾನು ಉತ್ತರಿಸುವುದಿಲ್ಲ. ಉಳಿದ ಸಮಯದಲ್ಲಿ ಬಸ್ಸುಗಳ ವಿಷಯವನ್ನು ಮುಗಿಸುತ್ತೇನೆ,” ಎಂದು ಹೇಳಿ ಹಾಗೆಯೇ ಮಾಡಿದರು. ನನ್ನ ಎದೆ ತುಂಬಿ ಬಂತು. ಅವರು ನಂಬುವವರೋ ಅಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಆ ಕ್ಷಣ ಅವರು ನನ್ನವರೆನಿಸಿದರು, ನನ್ನ ಮತ ಅವರಿಗೇ ಎಂದು ಮನಸ್ಸು ನಿಶ್ಚಯಿಸಿತು. ಹಳದಿ ಹಾಳೆಯನ್ನು ಎತ್ತಬೇಕಾದ ಹೊತ್ತಿಗೆ ಎತ್ತಿದೆನಾದರೂ, ಬಸ್ಸುಗಳ ಬಗ್ಗೆ ಅವರು ಹೇಳಿದ್ದರಲ್ಲಿ ಒಂದು ಮಾತೂ ನನ್ನ ಕಿವಿಗೆ ಇಳಿದಿರಲಿಲ್ಲ.

ಜನ ಹೊರಟ ಮೇಲೆ ನಾವಿಬ್ಬರೂ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸುತ್ತಿದ್ದೆವು. ಆ ಮಹಿಳೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮೂರನೆಯವರು ಹೇಳಿದ್ದು ನಮ್ಮ ಚರ್ಚು,” ಎಂದರು. “ಅವರ ಹೆಂಡತಿ ನನ್ನ ಪಕ್ಕ ನಿಂತು ಹಾಡುತ್ತಿದ್ದಳು. ಅವಳ ಅಂತ್ಯಸಂಸ್ಕಾರ ಮುಗಿದ ಮೇಲೆ ಅವರು ಒಳಗೆ ಕಾಲಿಟ್ಟಿಲ್ಲ. ನಾವ್ಯಾರೂ ಯಾಕೆಂದು ಕೇಳಿರಲಿಲ್ಲ. ಈವತ್ತು ಅಷ್ಟು ಜನರ ಎದುರಿಗೆ ಅವರಿಂದ ಇದನ್ನು ಹೇಳಿಸಿದರಲ್ಲ.” ಅವರ ಕಣ್ಣು ಒದ್ದೆಯಾಗಿತ್ತು. ಚರ್ಚಿನಲ್ಲಿ ಅವರು ವರ್ಷಗಟ್ಟಲೆ ಕಾಪಾಡಿಕೊಂಡು ಬಂದಿದ್ದ ಒಂದು ಸೂಕ್ಷ್ಮವನ್ನು ಚುನಾವಣೆಯ ವೇದಿಕೆ ಒಂದು ನಿಮಿಷದಲ್ಲಿ ಕೆಡಿಸಿತ್ತು.

ಧಾರ್ಮಿಕ ಪರೀಕ್ಷೆಯಿಂದ ನನ್ನಂಥವರಿಗೆ ಮಾತ್ರ ಅನ್ಯಾಯವಾಗುತ್ತದೆ ಎಂದು ಅದುವರೆಗೆ ತಿಳಿದಿದ್ದೆ, ಅಂಕಿಅಂಶಗಳೂ ಅದನ್ನೇ ಹೇಳುತ್ತಿದ್ದವು. ತಮ್ಮ ಪಕ್ಷ ಅರ್ಹ ನಾಸ್ತಿಕರೊಬ್ಬರನ್ನು ಅಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿದರೆ ಮತ ಹಾಕುವಿರಾ ಎಂದು ಗ್ಯಾಲಪ್ ಸಂಸ್ಥೆ 1958ರಲ್ಲಿ ಕೇಳಿದಾಗ ಹೌದೆಂದವರು ಶೇ. 18, 2020ರಲ್ಲೂ ಅದು ಶೇ. 60ರಷ್ಟೇ, ಕ್ಯಾಥೊಲಿಕ್ ಅಭ್ಯರ್ಥಿಯಾದರೆ ಶೇ. 95. ಆದರೆ ಆ ಸಂಜೆ ನಾನು ಹತ್ತಿರದಿಂದ ಕಂಡದ್ದು, ದುಃಖದಲ್ಲಿ ದೇವರೊಡನೆ ಮಾತು ಬಿಟ್ಟಿದ್ದ ಒಬ್ಬ ಮನುಷ್ಯನನ್ನು. ಆತ ನಂಬುವವರೋ ಅಲ್ಲವೋ ಎಂಬುದಕ್ಕೆ ಅವರ ಬಳಿಯೇ ಉತ್ತರವಿರಲಿಲ್ಲವೇನೋ. ಆ ಪ್ರಶ್ನೆಗೆ ಹೌದು ಅಲ್ಲ ಎಂಬ ಎರಡೇ ಉತ್ತರ ಹೊಂದುವ ಮನುಷ್ಯರನ್ನು ನಾನು ನನ್ನ ಬದುಕಿನಲ್ಲಿ ಕಂಡದ್ದು ಕಡಿಮೆ.

ಮೇಜು ಒರೆಸುವಾಗ ನೀಲಿ ಶಾಯಿಯ ಕಾರ್ಡು ಅಂಚಿನಲ್ಲೇ ಇತ್ತು. ಕಸದ ಬುಟ್ಟಿಗೆ ಹಾಕಲು ಎತ್ತಿದಾಗ ಹಿಂಬದಿ ಕಣ್ಣಿಗೆ ಬಿತ್ತು. ಅಲ್ಲಿಯೂ ಬರಹವಿತ್ತು, ಕಪ್ಪು ಪೆನ್ನಿನಲ್ಲಿ, ಇನ್ನೂ ಒತ್ತಿ: ‘ನನ್ನ ಮಗಳ ಬಸ್ಸು ವಾರದಲ್ಲಿ ಎರಡು ದಿನ ಬರುವುದೇ ಇಲ್ಲ. ನಾನು ರಾತ್ರಿ ಪಾಳಿ ಮುಗಿಸಿ ಬರುವವರೆಗೆ ಅವಳು ಕತ್ತಲಲ್ಲಿ ಒಬ್ಬಳೇ ರಸ್ತೆ ಬದಿ ನಿಂತಿರುತ್ತಾಳೆ. ನೀವು ಗೆದ್ದರೆ ಏನು ಮಾಡುತ್ತೀರಿ?’ ನನ್ನ ಬೆರಳಿಗೆ ತರಿತರಿಯಾಗಿ ಹತ್ತಿದ್ದು ಈ ಅಕ್ಷರಗಳು. ಕಾರ್ಡನ್ನು ತಿರುಗಿಸಿ ನೋಡುವಷ್ಟು ವ್ಯವಧಾನ ನಮ್ಮಿಬ್ಬರಿಗೂ ಇರಲಿಲ್ಲ. ಮುಂಬದಿಯ ಪ್ರಶ್ನೆಯನ್ನು ನೋಡಿದೊಡನೆ ಬರೆದವರು ಎಂಥವರೆಂದು ನಾನು ಅಳೆದು ಮುಗಿಸಿದ್ದೆ.

ಅದನ್ನು ಮನೆಗೆ ತಂದೆ. ಮುಂಬದಿಯ ಪ್ರಶ್ನೆಗೆ ಸಭೆಯಲ್ಲಿ ಹೇಗೋ ಉತ್ತರ ಬಂದಾಗಿತ್ತು, ಹಿಂಬದಿಯದಕ್ಕೆ ಬಂದಿರಲಿಲ್ಲ. ಮರುದಿನ ಹಿಂಬದಿಯದನ್ನು ಒಂದಕ್ಷರ ಬದಲಿಸದೆ ನಾಲ್ವರಿಗೂ ಮಿಂಚಂಚೆಯಲ್ಲಿ ಕಳಿಸಿದೆ. ಇಬ್ಬರಿಂದ ಉತ್ತರ ಬಂತು. ಶಿಕ್ಷಕಿ, ಚಾಲಕರ ವೇತನವನ್ನು ಏರಿಸದೆ ಬೇರೆ ದಾರಿಯಿಲ್ಲ ಎಂದು ಎರಡು ಪ್ಯಾರಾಗಳಲ್ಲಿ ಚೆನ್ನಾಗಿ ಬರೆದಿದ್ದರು. ಇನ್ನೊಂದು ಉತ್ತರ, ವೇದಿಕೆಯ ಮೇಲೆ ಆ ಪ್ರಶ್ನೆಯನ್ನು ಎತ್ತಿದ್ದ ಮೊದಲ ಅಭ್ಯರ್ಥಿಯದು, ಅದಕ್ಕಿಂತ ಮೂರು ಪಟ್ಟು ದೊಡ್ಡದಿತ್ತು. ಅವರು ಆಗಲೇ ಸಾರಿಗೆ ವಿಭಾಗಕ್ಕೆ ಫೋನ್ ಮಾಡಿ, ಯಾವ ಯಾವ ಮಾರ್ಗಗಳು ಯಾವ ದಿನ ಖಾಲಿ ಬೀಳುತ್ತಿವೆ ಎಂಬುದನ್ನು ಕೇಳಿ ಬರೆದುಕೊಂಡಿದ್ದರು. ಆ ತಾಯಿಗೆ ಒಪ್ಪಿಗೆಯಿದ್ದರೆ ತಮ್ಮ ನಂಬರ್ ಕೊಡಿ ಎಂದಿದ್ದರು. ಬರೆದವರು ಯಾರೆಂದು ನನಗೂ ಗೊತ್ತಿಲ್ಲ, ಕಾರ್ಡಿನಲ್ಲಿ ಹೆಸರಿಲ್ಲ ಎಂದು ಉತ್ತರಿಸಬೇಕಾಯಿತು.

ಎರಡೂ ಉತ್ತರಗಳನ್ನು ಅಚ್ಚು ಹಾಕಿ, ಮುಂಗಡ ಮತದಾನದ ದಿನ ಚೀಲದಲ್ಲಿಟ್ಟುಕೊಂಡು ಹೋದೆ. ಮತಪತ್ರದಲ್ಲಿ ನಾಲ್ಕು ಹೆಸರುಗಳಿದ್ದವು, ಎರಡಕ್ಕೆ ಗುರುತು ತುಂಬಬೇಕಿತ್ತು. ಶಿಕ್ಷಕಿಯ ಹೆಸರಿನ ಮುಂದೆ ತುಂಬಿದೆ. ಎರಡನೆಯದಕ್ಕೆ, ಲೋಟ ಎತ್ತಿ ಇಟ್ಟ ಕೈಯನ್ನೂ ಮೂರು ಪಟ್ಟು ದೊಡ್ಡದಿದ್ದ ಆ ಪತ್ರವನ್ನೂ ನೆನೆಯುತ್ತ, ಪೆನ್ನು ಹಿಡಿದು ಬಹಳ ಹೊತ್ತು ನಿಂತಿದ್ದೆ.