ಹೊಟ್ಟೆಗಿಂತ ಮೊದಲು ಕೆನ್ನೆ ಇಳಿದಾಗ

ಹಾಸನದ ಒಂದು ಜಿಮ್ಮಿನಲ್ಲಿ ಟ್ರೇನರ್ ಆಗಿದ್ದೇನೆ. ಬೆಳಗಿನ ಜಾವ ಎಲ್ಲರೂ ಬರುವ ಬ್ಯಾಚು, ಹತ್ತು ಗಂಟೆಗೆ ಹೆಂಗಸರ ಬ್ಯಾಚು. ತೂಕ ಇಳಿಸಲು ಸೇರಿದವರು ಅರ್ಧಕ್ಕೇ ಯಾಕೆ ಬಿಡುತ್ತಾರೆ ಅಂತ ಕೇಳಿದರೆ ಸೋಮಾರಿತನ, ಟೈಮಿಲ್ಲ, ಫೀಸು ಜಾಸ್ತಿ ಅಂತೆಲ್ಲ ಹೇಳಬಹುದು. ಅವೂ ಇವೆ. ಆದರೆ ನಾನು ಕಂಡಂತೆ ಅವಕ್ಕಿಂತ ದೊಡ್ಡ ಕಾರಣ ಮುಖ. ತೂಕ ಇಳಿಯುತ್ತಿರುತ್ತದೆ, ಮಂಡಿ ನೋವು ಕಡಿಮೆಯಾಗಿರುತ್ತದೆ, ಶುಗರ್ ರಿಪೋರ್ಟ್ ಚೆನ್ನಾಗಿ ಬಂದಿರುತ್ತದೆ. ಅಷ್ಟರಲ್ಲಿ ಯಾರೋ ಒಬ್ಬರು "ಏನ್ರೀ, ಹಿಂಗ್ ಸೊರಗೋಗಿದೀರಾ? ಮೈ ಹುಷಾರಿಲ್ವಾ?" ಅಂತಾರೆ. ಅಲ್ಲಿಗೆ ಮುಗೀತು. ಮುಂದಿನ ವಾರದಿಂದ ಅವರು ಬರುವುದಿಲ್ಲ.

ಇದು ಜಾಸ್ತಿ ಆಗುವುದು ಹಾಸನಾಂಬೆ ಬಾಗಿಲು ತೆರೆಯುವ ಹೊತ್ತಿಗೆ. ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ತೆರೆದು, ಬಲಿಪಾಡ್ಯಮಿ ಆದ ಮೇಲೆ ಮುಚ್ಚುವ ಗುಡಿ ಅದು. ಬೆಂಗಳೂರು, ಮೈಸೂರಿನ ನೆಂಟರೆಲ್ಲ ದರ್ಶನಕ್ಕೆ ಅಂತ ಬಂದು ಮನೆಯಲ್ಲಿ ಉಳಿಯುತ್ತಾರೆ. ವರ್ಷದ ಮೇಲೆ ನೋಡಿದವರ ಕಣ್ಣು ಮೊದಲು ಬೀಳುವುದು ಮುಖದ ಮೇಲೇ. ಸೆರಗಿನ ಹಿಂದೆ ಸೊಂಟ ಎಷ್ಟು ಇಳಿದಿದೆ ಅಂತ ಯಾರಿಗೆ ಗೊತ್ತಾಗಬೇಕು? ದೀಪಾವಳಿ ಕಳೆದ ವಾರ ನಮ್ಮ ಹತ್ತು ಗಂಟೆ ಬ್ಯಾಚೇ ತೆಳ್ಳಗಾಗಿರುತ್ತದೆ.

ಅದಕ್ಕೇ ಈಗ ಸೇರುವ ದಿನವೇ ನಾನು ಮುಖದ ಮಾತು ಎತ್ತುತ್ತೇನೆ. ಡಯಟ್ ಚಾರ್ಟು ಆಮೇಲೆ. "ನೋಡಿ, ಇನ್ನು ಎರಡು ಮೂರು ತಿಂಗಳಲ್ಲಿ ನಿಮ್ಮ ಕೆನ್ನೆ ಸ್ವಲ್ಪ ಇಳಿಯಬಹುದು. ಕಣ್ಣ ಕೆಳಗೆ ಗುಳಿ ಕಾಣಬಹುದು. ಯಾರಾದರೂ ಶುಗರ್ ಬಂತಾ ಅಂತ ಕೇಳೇ ಕೇಳ್ತಾರೆ. ಮನೇಲಿ ಕೂತು ಯೋಚನೆ ಮಾಡ್ಬೇಡಿ, ನನ್ನ ಹತ್ರ ಬನ್ನಿ" ಅಂತ. ನೆಂಟರಿಗಿಂತ ಮುಂಚೆ ಈ ಮಾತು ನನ್ನ ಬಾಯಿಂದ ಬಂದಿದ್ದರೆ, ಆಮೇಲೆ ಯಾರು ಏನಂದರೂ ಅವರು ಅಷ್ಟಾಗಿ ಬೆಚ್ಚುವುದಿಲ್ಲ.

ಯಾಕೆ ಹೀಗಾಗುತ್ತದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಕೊಬ್ಬು ಎಲ್ಲಿಂದ ಕರಗಬೇಕು ಅಂತ ನಾವು ತೀರ್ಮಾನ ಮಾಡಲು ಆಗುವುದಿಲ್ಲ. ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬೇ ಹೋಗುತ್ತದೆ ಅನ್ನುವುದು ಸುಳ್ಳು. ದೇಹ ಎಲ್ಲ ಕಡೆಯಿಂದಲೂ ತೆಗೆಯುತ್ತದೆ. ಎಲ್ಲಿ ಬೇಗ, ಎಲ್ಲಿ ನಿಧಾನ ಅನ್ನುವುದು ಮನೆತನದ ಮೈಕಟ್ಟು, ವಯಸ್ಸು, ಗಂಡೋ ಹೆಣ್ಣೋ ಅನ್ನುವುದರ ಮೇಲೆ ಹೋಗುತ್ತದೆ. ಮುಖದಲ್ಲಿ ಕೊಬ್ಬು ಇರುವುದೇ ಸ್ವಲ್ಪ. ಅದರಲ್ಲಿ ಚೂರು ಹೋದರೂ ಎದ್ದು ಕಾಣುತ್ತದೆ. ಹೊಟ್ಟೆಯಿಂದ ಒಂದೆರಡು ಕೆಜಿ ಹೋದರೆ ಬೆಲ್ಟಿಗೆ ಮಾತ್ರ ಗೊತ್ತು.

ಇನ್ನು ಮೊದಲ ಒಂದೆರಡು ವಾರದಲ್ಲಿ ಇಳಿದಿದ್ದರಲ್ಲಿ ಜಾಸ್ತಿ ಪಾಲು ನೀರು. ದೇಹ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುವಾಗ ಪ್ರತಿ ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರನ್ನೂ ಹಿಡಿದಿಡುತ್ತದೆ. ಅನ್ನ, ಬನ್ನು ಕಡಿಮೆ ಮಾಡಿದ ತಕ್ಷಣ ಆ ನೀರು ಹೋಗುತ್ತದೆ. ಉಪ್ಪು ಕಡಿಮೆಯಾದರೆ ಮುಖದ ಊತವೂ ಇಳಿಯುತ್ತದೆ. ಎಷ್ಟೋ ಅಯ್ಯಂಗಾರ್ ಬೇಕರಿ ಕುಟುಂಬಗಳ ಮೂಲ ನಮ್ಮ ಜಿಲ್ಲೆಯೇ. ಇಲ್ಲಿ ಖಾರಾ ಬನ್ ಬಿಡಿ ಅಂತ ಹೇಳುವುದು ಎಷ್ಟು ಕಷ್ಟ ಅಂತ ನನ್ನನ್ನೇ ಕೇಳಿ. ಬಿಟ್ಟವರ ಮುಖ ಮಾತ್ರ ವಾರದಲ್ಲೇ ಸಣ್ಣಗಾಗುತ್ತದೆ. ಅದು ಸೊರಗಿದ್ದಲ್ಲ, ಊತ ಇಳಿದಿದ್ದು.

ನಲವತ್ತು ದಾಟಿದವರ ವಿಷಯ ಬೇರೆ. ವಯಸ್ಸಾದಂತೆ ಮುಖದ ಮೂಳೆಯೂ ಸ್ವಲ್ಪ ಸವೆಯುತ್ತದೆ, ಚರ್ಮವನ್ನು ಬಿಗಿಯಾಗಿಡುವ ಕೊಲಾಜನ್ ಅನ್ನುವ ಪ್ರೋಟೀನ್ ಕಡಿಮೆಯಾಗುತ್ತದೆ, ಮುಟ್ಟು ನಿಂತ ಹೆಂಗಸರಿಗೆ ಇದು ಇನ್ನೂ ಬೇಗ. ಒಳಗಿನ ಕೊಬ್ಬು ಹೋದಾಗ ಇಪ್ಪತ್ತರ ಚರ್ಮ ಮತ್ತೆ ಕುಗ್ಗಿಕೊಳ್ಳುತ್ತದೆ, ಐವತ್ತರದ್ದು ಅಷ್ಟು ಕುಗ್ಗುವುದಿಲ್ಲ. ಬಿಸಿಲಿನಲ್ಲಿ ಓಡಾಡಿದವರಿಗೆ, ಬೀಡಿ-ಸಿಗರೇಟು ಸೇದುವವರಿಗೆ ಇನ್ನೂ ಕಷ್ಟ. ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರೊಬ್ಬರು "ನೀವು ತೂಕ ಇಳಿಸಿ ನನ್ನ ಮುಖ ಕೆಡಿಸಿಬಿಟ್ರಿ" ಅಂತ ನನ್ನ ಮೇಲೆ ರೇಗಿದ್ದರು. ಬಾಯಿ ತೆರೆಸಿ ನೋಡಿದರೆ ಎರಡೂ ಕಡೆ ದವಡೆ ಹಲ್ಲುಗಳೇ ಇರಲಿಲ್ಲ. ಒಳಗಿನಿಂದ ಆಧಾರ ಇಲ್ಲದಿದ್ದರೆ ಕೆನ್ನೆ ಒಳಕ್ಕೆ ಹೋಗದೆ ಇನ್ನೇನಾಗುತ್ತದೆ? ಹಲ್ಲಿನ ಡಾಕ್ಟರ ಹತ್ತಿರ ಕಳಿಸಿದೆ. ಗುಟ್ಕಾ, ಅಡಿಕೆ ಜಗಿಯುವವರಿಗೂ ಇದನ್ನೇ ಹೇಳುತ್ತೇನೆ. ಅಡಿಕೆಯಿಂದ ಕೆನ್ನೆಯ ಒಳಗಿನ ಪದರ ಗಟ್ಟಿಯಾಗುತ್ತದೆ, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಮುಖದ ಅಂದದ ಮಾತು ಬಿಡಿ, ಅದು ಕ್ಯಾನ್ಸರಿಗೂ ದಾರಿ.

ನಮ್ಮ ಕೈಯಲ್ಲಿ ಇರುವುದು ಮುಖ್ಯವಾಗಿ ವೇಗ. ಮದುವೆ ಗೊತ್ತಾದ ಹುಡುಗಿಯರು ಬಂದು "ಮೇಡಂ, ಒಂದು ತಿಂಗಳಲ್ಲಿ 10 ಕೆಜಿ ಇಳಿಸಿಕೊಡಿ" ಅಂತಾರೆ. ನಾನು ಕಾಗದ ತೆಗೆದು ಲೆಕ್ಕ ತೋರಿಸುತ್ತೇನೆ. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ಹತ್ತು ಕೆಜಿಗೆ 77,000. ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 2,500ಕ್ಕೂ ಮೇಲೆ ಕಡಿತ ಮಾಡಬೇಕು. ಆ ಹುಡುಗಿ ಇಡೀ ದಿನ ತಿನ್ನುವುದೇ ಅಷ್ಟಿರುವುದಿಲ್ಲ! ದಿನಕ್ಕೆ 500 ಕ್ಯಾಲೊರಿ ಕಡಿಮೆ ಮಾಡಿದರೆ ವಾರಕ್ಕೆ ಅರ್ಧ ಕೆಜಿ ಆಸುಪಾಸು. ಅದೇ ಸರಿಯಾದ ವೇಗ. ಅದಕ್ಕಿಂತ ಓಡಿದರೆ ಸ್ನಾಯುವೂ ಹೋಗುತ್ತದೆ, ಕೂದಲೂ ಉದುರುತ್ತದೆ, ಮಂಟಪದಲ್ಲಿ ಮೇಕಪ್ಪಿನವರು ಕೆನ್ನೆಗೆ ಬಣ್ಣ ಬಳಿದೂ ಬಳಿದೂ ಸುಸ್ತಾಗುತ್ತಾರೆ. ಮದುವೆಗೆ ಮುಂಚಿನ ಎರಡು ವಾರ ನಾನು ಯಾರಿಗೂ ಕಡಿತ ಮಾಡಿಸುವುದಿಲ್ಲ. ಹೊಟ್ಟೆ ತುಂಬ ಊಟ, ರಾತ್ರಿ ಚೆನ್ನಾಗಿ ನಿದ್ದೆ, ಅಷ್ಟೇ.

ಊಟದ ವಿಷಯಕ್ಕೆ ಬಂದರೆ, ನಮ್ಮ ಹೆಂಗಸರ ತಟ್ಟೆ ನೋಡಿ ನನಗೆ ಸಿಟ್ಟೇ ಬರುತ್ತದೆ. ಮನೆಯಲ್ಲಿ ಹುರುಳಿಕಾಳಿನ ಬಸ್ಸಾರು ಮಾಡಿರುತ್ತಾರೆ. 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಆದರೆ ಕಾಳಿನ ಪಲ್ಯವನ್ನು ಗಂಡ-ಮಕ್ಕಳಿಗೆ ಬಡಿಸಿ, ಉಳಿದ ಸಾರಿಗೆ ಮುದ್ದೆ ಅದ್ದಿ ಇವರು ಊಟ ಮುಗಿಸುತ್ತಾರೆ. ಪ್ರೋಟೀನ್ ಇದ್ದದ್ದು ಕಾಳಿನಲ್ಲಿ! ಆಮೇಲೆ ಡಯಟ್ ಅಂತ ಆ ಮುದ್ದೆಯನ್ನೂ ಅರ್ಧ ಮಾಡುತ್ತಾರೆ. ಸೊರಗದೆ ಇನ್ನೇನು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಕಾರ ಸಾಮಾನ್ಯ ಆರೋಗ್ಯವಂತರಿಗೆ ದಿನಕ್ಕೆ ತೂಕದ ಪ್ರತಿ ಕೆಜಿಗೆ 0.83 ಗ್ರಾಂ ಪ್ರೋಟೀನ್ ಬೇಕು. ತೂಕ ಇಳಿಸುತ್ತಾ ಭಾರ ಎತ್ತುವವರಿಗೆ ನಾನು 1.2ರಿಂದ 1.6 ಗ್ರಾಂ ಅಂತ ಹೇಳುತ್ತೇನೆ. ಮೊಟ್ಟೆ ಒಂದಕ್ಕೆ 6 ಗ್ರಾಂ. ಮೊಸರು, ಹೆಸರುಕಾಳು, ಕಡಲೆಬೀಜ, ಸೋಯಾ, ತಿನ್ನುವವರಾದರೆ ಕೋಳಿ, ಮೀನು. ಮುದ್ದೆ ಬಿಡಬೇಕಾಗಿಲ್ಲ, ಪಕ್ಕದಲ್ಲಿ ಕಾಳು ಜಾಸ್ತಿಯಾಗಬೇಕು. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು.

ಪ್ರೋಟೀನ್ ತಿಂದರೆ ಕೆನ್ನೆ ತುಂಬುತ್ತದಾ? ಇಲ್ಲ. ಸುಳ್ಳು ಹೇಳಿ ಫೀಸು ತೆಗೆದುಕೊಳ್ಳುವುದು ನನಗಿಷ್ಟವಿಲ್ಲ. ಆದರೆ ಭುಜ, ಬೆನ್ನು ಗಟ್ಟಿಯಾಗಿ, ನಿಲ್ಲುವ ರೀತಿ ನೆಟ್ಟಗಿದ್ದರೆ ಅದೇ ಸಣ್ಣ ಮುಖ ಕಾಯಿಲೆಯ ಮುಖದ ಹಾಗೆ ಕಾಣುವುದಿಲ್ಲ. ಬರೀ ಪಾರ್ಕಿನಲ್ಲಿ ನಡೆದು, ಊಟ ಬಿಟ್ಟು ತೂಕ ಇಳಿಸಿದವರನ್ನೂ ಭಾರ ಎತ್ತಿ ಇಳಿಸಿದವರನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಮುಖದ ವ್ಯಾಯಾಮದ ವಿಡಿಯೋ ಹಿಡಿದುಕೊಂಡು ಬರುವವರೂ ಇದ್ದಾರೆ. ಅಮೆರಿಕದಲ್ಲಿ 2018ರಲ್ಲಿ ಬಂದ ಒಂದು ಸಣ್ಣ ಅಧ್ಯಯನದಲ್ಲಿ, ನಡುವಯಸ್ಸಿನ ಹೆಂಗಸರು ಅರ್ಧ ಗಂಟೆಯ ಮುಖದ ವ್ಯಾಯಾಮವನ್ನು 20 ವಾರ ಮಾಡಿದಾಗ ಕೆನ್ನೆ ಸ್ವಲ್ಪ ತುಂಬಿದಂತೆ ಕಂಡಿತ್ತು. ಕೊನೆಯವರೆಗೆ ಉಳಿದವರು 16 ಜನ ಮಾತ್ರ. ಮಾಡಿದರೆ ನಷ್ಟವೇನಿಲ್ಲ. ಆದರೆ ದಿನಕ್ಕೆ ಅರ್ಧ ಗಂಟೆ ಬಿಡುವಿದ್ದರೆ ನನ್ನ ಮುಂದೆ ಸ್ಕ್ವಾಟ್ ಮಾಡಿ ಅಂತೀನಿ.

ಕನ್ನಡಿಯ ಕಥೆಯೂ ಇದೆ. ಜಿಮ್ಮುಗಳಲ್ಲಿ ಲೈಟು ನೆತ್ತಿಯ ಮೇಲಿರುತ್ತದೆ. ತೋಳಿನ ಸ್ನಾಯು ಎದ್ದು ಕಾಣಲಿ ಅಂತ ಹಾಕಿಸಿದ್ದು. ಅದೇ ಬೆಳಕಿನಲ್ಲಿ ಕಣ್ಣ ಕೆಳಗೆ, ಕೆನ್ನೆಯ ಮೇಲೆ ನೆರಳು ಬಿದ್ದು ಹುಷಾರಾಗಿರುವವರೂ ಜ್ವರ ಬಂದವರ ಹಾಗೆ ಕಾಣುತ್ತಾರೆ. ಸೆಲ್ಫಿ ಇನ್ನೂ ಮೋಸ. ಒಂದು ಅಡಿ ದೂರದಿಂದ ತೆಗೆದರೆ ಮೂಗು ಶೇ. 30ರಷ್ಟು ಅಗಲ ಕಾಣುತ್ತದೆ ಅಂತ ಲೆಕ್ಕ ಹಾಕಿ ತೋರಿಸಿದವರಿದ್ದಾರೆ. ಮೂಗು ಮುಂದೆ ಬಂದರೆ ಕೆನ್ನೆ ಹಿಂದೆ ಸರಿದಂತೆ ಕಾಣುತ್ತದೆ, ಅಲ್ವಾ? ಅದಕ್ಕೇ ನಾವು ತಿಂಗಳಿಗೊಮ್ಮೆ ಕಿಟಕಿಯ ಮುಂದೆ, ಐದಾರು ಅಡಿ ದೂರದಿಂದ, ಕಣ್ಣಿನ ಮಟ್ಟದಲ್ಲಿ ಫೋನ್ ಹಿಡಿದು ಫೋಟೋ ತೆಗೆಯುತ್ತೇವೆ. ಪ್ರತಿ ಸಲ ಅದೇ ಜಾಗ. ಜೊತೆಗೆ ಸೊಂಟಕ್ಕೆ ಟೇಪು. ನಮ್ಮವರಿಗೆ ಗಂಡಸರಾದರೆ 90 ಸೆಂ.ಮೀ., ಹೆಂಗಸರಾದರೆ 80 ಸೆಂ.ಮೀ. ಒಳಗಿರಬೇಕು ಅನ್ನುವುದು ಲೆಕ್ಕ.

ಇತ್ತೀಚೆಗೆ ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಂಡು ಬರುವವರು ಶುರುವಾಗಿದ್ದಾರೆ. 2025ರ ಮಾರ್ಚಿನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ನಮ್ಮ ದೇಶಕ್ಕೆ ಬಂದವು. ಇವುಗಳಿಂದ ಮುಖ ಬತ್ತುತ್ತದೆ ಅಂತ ದೊಡ್ಡ ಸುದ್ದಿ. ಔಷಧಿ ಕೆನ್ನೆಯನ್ನೇ ಹುಡುಕಿಕೊಂಡು ಹೋಗುವುದಿಲ್ಲ. ಹಸಿವು ಸತ್ತು ತೂಕ ಬೇಗ ಇಳಿಯುತ್ತದೆ, ಅದರ ಫಲ ಮುಖದಲ್ಲಿ ಕಾಣುತ್ತದೆ. ಇಂಥವರಿಗೆ ಕಾಳು, ಮೊಟ್ಟೆ ತಿನ್ನಿಸುವುದೇ ನನ್ನ ಅರ್ಧ ಕೆಲಸ. ಡೋಸಿನ ಮಾತು ಡಾಕ್ಟರದ್ದು, ನಾನು ಬಾಯಿ ಹಾಕುವುದಿಲ್ಲ. ಕೆನ್ನೆಗೆ ಫಿಲ್ಲರ್ (ಗುಳಿ ತುಂಬಿಸುವ ಇಂಜೆಕ್ಷನ್) ಹಾಕಿಸಲಾ ಅಂತ ಕೇಳಿದವರಿಗೂ ಅಷ್ಟೇ, ಚರ್ಮದ ಡಾಕ್ಟರ ಹತ್ತಿರ ಹೋಗಿ ಅಂತೀನಿ. ತೂಕ ಒಂದು ಕಡೆ ನಿಂತು ಕೆಲವು ತಿಂಗಳು ಆಗಲಿ, ಅಲ್ಲಿಯವರೆಗೆ ಆತುರ ಬೇಡ ಅನ್ನುವುದು ಮಾತ್ರ ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ. ಕೇಳುವವರ ಅನುಮಾನ ಎಲ್ಲ ಸಲವೂ ಸುಮ್ನೆ ಅಲ್ಲ. ಊಟ ಬದಲಾಗಿಲ್ಲ, ವ್ಯಾಯಾಮವೂ ಸರಿಯಾಗಿಲ್ಲ, ಆದರೂ ತೂಕ ಇಳಿಯುತ್ತಿದೆ ಅಂದರೆ ಖುಷಿಪಡಬಾರದು. ಪ್ರಯತ್ನವಿಲ್ಲದೆ ಆರು ತಿಂಗಳಿಂದ ವರ್ಷದೊಳಗೆ ಶೇ. 5ರಷ್ಟು ತೂಕ ಹೋದರೆ ಡಾಕ್ಟರಿಗೆ ತೋರಿಸಲೇಬೇಕು. ಶುಗರ್, ಥೈರಾಯ್ಡ್, ಟಿಬಿ, ಏನು ಬೇಕಾದರೂ ಇರಬಹುದು. ವಾರಕ್ಕೆರಡು ದಿನ ಬಂದು ಹರಟೆ ಹೊಡೆದು ಹೋಗುತ್ತಿದ್ದ ಒಬ್ಬರು "ನಿಮ್ಮ ಜಿಮ್ಮು ಕೆಲಸ ಮಾಡ್ತಿದೆ ಮೇಡಂ" ಅಂತ ಹೊಗಳಿದಾಗ ನನಗೆ ಭಯವೇ ಆಯಿತು. ರಕ್ತ ಪರೀಕ್ಷೆಯಲ್ಲಿ ಶುಗರ್ ತುಂಬ ಏರಿತ್ತು.

ಉಳಿದದ್ದು ಮಾತಿನ ವರಸೆ. ನಮ್ಮ ಹಿರಿಯರು ಹಸಿವನ್ನೂ ಕ್ಷಯವನ್ನೂ ಕಣ್ಣಾರೆ ಕಂಡವರು. ಕೆನ್ನೆ ಇಳಿದರೆ ಅವರಿಗೆ ಗಾಬರಿಯಾಗುವುದು ಸಹಜ. ಅವರ ಜೊತೆ ವಾದ ಮಾಡಿ ಗೆಲ್ಲಲು ಆಗುವುದಿಲ್ಲ. ನಮ್ಮ ಬ್ಯಾಚಿನ ನಿವೃತ್ತ ಟೀಚರೊಬ್ಬರು ಒಳ್ಳೆಯ ಉಪಾಯ ಕಂಡುಕೊಂಡಿದ್ದಾರೆ. ಅತ್ತಿಗೆ "ಬಡವಾಗ್ಬಿಟ್ಟಿದೀಯಲ್ಲೇ" ಅಂದ ಕೂಡಲೇ "ಹೂಂ ಅತ್ತಿಗೆ, ಬೇಕಂತಲೇ ಇಳಿಸ್ತಿದೀನಿ. ನೋಡಿ, ಈಗ ಮೆಟ್ಟಿಲು ಹತ್ತಿದರೆ ಮಂಡಿ ನೋಯಲ್ಲ" ಅಂತ ಅಲ್ಲೇ ಮಹಡಿ ಹತ್ತಿ ತೋರಿಸಿದರಂತೆ. ಈಗ ಆ ಅತ್ತಿಗೆಯೂ ನಮ್ಮಲ್ಲೇ ಸೇರಿದ್ದಾರೆ.

ಮುಖ ತೀರಾ ಬೇಡವಾಗಿ ಕಂಡರೆ ಗುರಿಯನ್ನೇ ಸಡಿಲ ಮಾಡುತ್ತೇನೆ. ತೂಕದ ಶೇ. 5ರಿಂದ 10ರಷ್ಟು ಇಳಿದರೂ ಬಿಪಿ, ಶುಗರಿಗೆ ಒಳ್ಳೆಯದಾಗುತ್ತದೆ. ಐವತ್ತೈದರ ಹೆಂಗಸು ಚಾರ್ಟಿನಲ್ಲಿ ಬರೆದ ತೂಕ ಮುಟ್ಟಲೇಬೇಕು ಅಂತ ಯಾವ ಕಾನೂನೂ ಇಲ್ಲ. ಅಲ್ಲೇ ನಿಲ್ಲಿಸಿ, ತೂಕ ಕಾಯ್ದುಕೊಂಡು, ಭಾರ ಎತ್ತುವುದನ್ನು ಮುಂದುವರಿಸಿದವರು ಕೆಲವು ತಿಂಗಳ ಮೇಲೆ ಮುಖದ ಮಾತೇ ಎತ್ತುವುದಿಲ್ಲ. ಮುಖ ಸ್ವಲ್ಪ ಸರಿಹೋಗುತ್ತದೋ, ನೋಡುವವರ ಕಣ್ಣು ಒಗ್ಗುತ್ತದೋ, ಬಹುಶಃ ಎರಡೂ.

ಜಿಮ್ ಮಾಲೀಕರ ಜೊತೆ ಒಂದು ಜಗಳ ಮಾತ್ರ ನಡೆದೇ ಇದೆ. ಅವರಿಗೆ ಸ್ಟೇಟಸ್‌ಗೆ ಹಾಕಲು ಮೊದಲು-ಆಮೇಲಿನ ಮುಖದ ಫೋಟೋ ಬೇಕು. ನಾನು ಕತ್ತಿನಿಂದ ಕೆಳಗಿನದ್ದು ಮಾತ್ರ ಕೊಡುತ್ತೇನೆ. ಮುಖ ಇಲ್ಲದ ಫೋಟೋಗೆ ಯಾರು ಸೇರುತ್ತಾರೆ ಅಂತ ಅವರು, ಮುಖ ಇರುವ ಫೋಟೋ ನೋಡಿ ಎಷ್ಟು ಜನ ಹೆದರುತ್ತಾರೆ ಅಂತ ನಾನು. ಈ ತಿಂಗಳು ಸೊಂಟದ ಟೇಪಿನ ಫೋಟೋ ಹಾಕಿ ನೋಡೋಣ ಅನ್ನುವವರೆಗೆ ಬಂದಿದ್ದಾರೆ.